ಕೋಲು, ಕಲ್ಲು, ನಾರು



ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ದಟ್ಟವಾದ ಕಾಡಿನಲ್ಲಿ ನೀವು ದಾರಿ ತಪ್ಪಿದ್ದೀರಿ. ಕೈಯಲ್ಲಿ ಚಾಕು ಇಲ್ಲ, ಬೆಂಕಿಪೊಟ್ಟಣ ಇಲ್ಲ, ಒಂದು ಮೊಳ ಹಗ್ಗವೂ ಇಲ್ಲ. ಹೊಟ್ಟೆ ಹಸಿದಿದೆ. ಆಗ ಏನು ಮಾಡುವಿರಿ? ಈ ಪ್ರಶ್ನೆಯನ್ನು ಯಾವ ತರಗತಿಯಲ್ಲಿ ಕೇಳಿದರೂ ಮೊದಲು ಬರುವ ಉತ್ತರವನ್ನು ಊಹಿಸುವುದು ಕಷ್ಟವಲ್ಲ: "ಬಿಲ್ಲು ಬಾಣ ಮಾಡಿಕೊಂಡು ಬೇಟೆ ಆಡುತ್ತೇವೆ!" ಸಿನಿಮಾದಲ್ಲಿ, ಟೆಲಿವಿಷನ್ನಿನಲ್ಲಿ, ಈಗ ಫೋನಿನ ಪುಟ್ಟ ಪರದೆಯಲ್ಲಿ ನಾವೆಲ್ಲ ನೋಡಿರುವುದು ಇದನ್ನೇ ಅಲ್ಲವೆ? ನಾಯಕ ಒಂದು ಕೊಂಬೆ ಮುರಿಯುತ್ತಾನೆ, ಬಳ್ಳಿಯನ್ನು ಬಿಗಿಯುತ್ತಾನೆ. ಮುಂದಿನ ದೃಶ್ಯದಲ್ಲಿ ಬೆಂಕಿಯ ಮೇಲೆ ಮಾಂಸ ಬೇಯುತ್ತಿರುತ್ತದೆ.

ಟೆಲಿವಿಷನ್ ಕಾರ್ಯಕ್ರಮ ತಯಾರಿಸುವುದೇ ನನ್ನ ಉದ್ಯೋಗ. ಹಾಗಾಗಿ ಒಂದು ಗುಟ್ಟನ್ನು ನಿಮಗೆ ಹೇಳಬಲ್ಲೆ. ಒಂದು ದೃಶ್ಯಕ್ಕೂ ಮುಂದಿನ ದೃಶ್ಯಕ್ಕೂ ನಡುವೆ ಎಷ್ಟು ಗಂಟೆ, ಎಷ್ಟು ದಿನ ಕಳೆದಿದೆ ಎಂಬುದು ಪರದೆಯ ಮೇಲೆ ಕಾಣುವುದಿಲ್ಲ. ಸಂಕಲನದ ಮೇಜಿನ ಮೇಲೆ ಕತ್ತರಿಸಿ ಹೋಗುವುದು ಕಾಯುವ ಹೊತ್ತು, ಸೋತ ಪ್ರಯತ್ನ, ಮುರಿದ ಕೊಂಬೆ. ಆದರೆ ವಿಜ್ಞಾನ ಅಡಗಿರುವುದು ಆ ಕತ್ತರಿಸಿ ಹೋದ ಭಾಗದಲ್ಲಿಯೇ. ಈ ಹೊತ್ತು ನಾವು ಅದನ್ನು ಮರಳಿ ಜೋಡಿಸಿ ನೋಡೋಣ. ಕಾಡಿನಲ್ಲಿ ಸಿಗುವ ಕೋಲು, ಕಲ್ಲು, ನಾರು ಈ ಮೂರರಿಂದ ಮನುಷ್ಯ ಬೇಟೆಯ ಉಪಕರಣಗಳನ್ನು ಹೇಗೆ ಮಾಡಿಕೊಂಡ? ಅವು ಕೆಲಸ ಮಾಡುವುದು ಹೇಗೆ? ಬರಿಗೈಯವನ ಜೀವ ಉಳಿಸುವುದು ನಿಜವಾಗಿ ಯಾವುದು?

ಮೊದಲು ಒಂದು ಲೆಕ್ಕ. ಆರೋಗ್ಯವಂತ ಮನುಷ್ಯ ಆಹಾರವಿಲ್ಲದೆ ವಾರಗಟ್ಟಲೆ ಬದುಕಬಲ್ಲ. ನೀರಿಲ್ಲದೆ ಕೆಲವೇ ದಿನ. ಮಳೆಯಲ್ಲಿ ತೊಯ್ದು, ಗಾಳಿಗೆ ಮೈಯೊಡ್ಡಿ, ದೇಹದ ಉಷ್ಣತೆ ಇಳಿಯತೊಡಗಿದರೆ ಕೆಲವು ಗಂಟೆಗಳಲ್ಲಿಯೇ ಪ್ರಾಣಕ್ಕೆ ಅಪಾಯ. ಆದ್ದರಿಂದ ದಾರಿ ತಪ್ಪಿದವನ ಪಟ್ಟಿಯಲ್ಲಿ ಮೊದಲು ಬರುವುದು ಮಳೆ ಗಾಳಿಗೆ ಮರೆ, ಆಮೇಲೆ ನೀರು, ಬೆಂಕಿ, ಹುಡುಕುವವರ ಕಣ್ಣಿಗೆ ಬೀಳುವ ಗುರುತು. ಆಹಾರ ಕೊನೆಯದು. ಆಹಾರದಲ್ಲಿಯೂ ಬೇಟೆ ಕೊನೆಯದು. ಏಕೆ? ಸುಮ್ಮನೆ ಕುಳಿತರೂ ದೇಹ ಗಂಟೆಗೆ ಸುಮಾರು 60ರಿಂದ 70 ಕಿಲೋಕ್ಯಾಲರಿ ಖರ್ಚು ಮಾಡುತ್ತದೆ. ಮರ ಕಡಿಯುವಂಥ ಶ್ರಮದ ಕೆಲಸಕ್ಕೆ ಅದರ ನಾಲ್ಕೈದು ಪಟ್ಟು ಬೇಕು. ಇಡೀ ದಿನ ದುಡಿದು ಆಯುಧ ಮಾಡಿ, ಓಡಾಡಿ, ಕೊನೆಗೆ ಸಿಕ್ಕಿದ್ದು ನೂರು ಗ್ರಾಂ ಮೀನು ಎಂದರೆ ಅದರಿಂದ ಬರುವುದು ಸುಮಾರು ನೂರು ಕಿಲೋಕ್ಯಾಲರಿ. ಸಾವಿರ ಖರ್ಚು ಮಾಡಿ ನೂರು ಗಳಿಸುವ ಅಂಗಡಿ ಎಷ್ಟು ದಿನ ನಡೆದೀತು?

ಇದಕ್ಕೆ ಈಚಿನ ನಿದರ್ಶನವೊಂದಿದೆ. 2023ರ ಮೇ ತಿಂಗಳ ಮೊದಲ ದಿನ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ಒಂದು ಸಣ್ಣ ವಿಮಾನ ಅಮೆಜಾನ್ ಕಾಡಿಗೆ ಬಿತ್ತು. ಅದರಲ್ಲಿದ್ದ ಹಿರಿಯರೆಲ್ಲ ತೀರಿಕೊಂಡರು. ಉಳಿದವರು ಹುಯಿಟೋಟೊ ಎಂಬ ಮೂಲನಿವಾಸಿ ಸಮುದಾಯದ ನಾಲ್ವರು ಮಕ್ಕಳು. ಹಿರಿಯ ಹುಡುಗಿಗೆ 13 ವರ್ಷ, ಕಿರಿಯ ಕೂಸಿಗೆ 11 ತಿಂಗಳು. ನಲವತ್ತು ದಿನಗಳ ನಂತರ ನಾಲ್ವರೂ ಜೀವಂತ ಸಿಕ್ಕರು. ಅವರನ್ನು ಉಳಿಸಿದ್ದು ಬಿಲ್ಲೂ ಅಲ್ಲ, ಈಟಿಯೂ ಅಲ್ಲ. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು ಮುಗಿದ ಮೇಲೆ ಕಾಡಿನ ಯಾವ ಹಣ್ಣು, ಯಾವ ಬೀಜ ತಿನ್ನಬಹುದು ಎಂಬ ಅರಿವು ಅವರನ್ನು ಉಳಿಸಿತು. ಅದನ್ನು ಆ ಹುಡುಗಿ ಮನೆಯ ಹಿರಿಯರಿಂದ ಕಲಿತಿದ್ದಳು.

ಹಾಗಾದರೆ ಉಪಕರಣದ ಮಾತೇ ಬೇಡವೆ? ಬೇಕು. ಏಕೆಂದರೆ ಕೋಲನ್ನು ಚೂಪು ಮಾಡಿದವನು ಮರದ ಗುಣವನ್ನು ಅರಿತಿದ್ದ. ಕಲ್ಲಿನ ಚಕ್ಕೆ ಎಬ್ಬಿಸಿದವನು ಬಿರುಕಿನ ದಿಕ್ಕನ್ನು ಅರಿತಿದ್ದ. ನಾರನ್ನು ಹೊಸೆದವನು ಘರ್ಷಣೆಯನ್ನು ಅರಿತಿದ್ದ. ಪಾಠಪುಸ್ತಕದಲ್ಲಿ ನಾವು ಓದುವ ಭೌತಶಾಸ್ತ್ರ ಹೆಸರು ಪಡೆಯುವ ಮೊದಲೇ ಅವರ ಕೈಗಳಲ್ಲಿ ಇತ್ತು.

ಮೊದಲನೆಯದಾಗಿ ಕೋಲು. ಕಾಡಿನಲ್ಲಿ ಅತ್ಯಂತ ಲಾಭದಾಯಕ ಉಪಕರಣ ಯಾವುದು ಎಂದರೆ ನೀವು ನಂಬಲಿಕ್ಕಿಲ್ಲ. ಅದು ನೆಲ ಅಗೆಯುವ ಚೂಪು ಕೋಲು. 1960ರ ದಶಕದಲ್ಲಿ ಮಾನವಶಾಸ್ತ್ರಜ್ಞ ರಿಚರ್ಡ್ ಲೀ ಆಫ್ರಿಕದ ಬೋಟ್ಸ್ವಾನಾ ದೇಶದ ಡೋಬೆ ಪ್ರದೇಶದಲ್ಲಿ ಸಾನ್ ಜನರ ಜೊತೆಗಿದ್ದು ಅವರ ಊಟದ ಲೆಕ್ಕ ಬರೆದರು. ಸಾನ್ ಜನ ಜಗತ್ತಿನ ನುರಿತ ಬೇಟೆಗಾರರಲ್ಲಿ ಸೇರಿದವರು. ಆದರೂ ಅವರ ಆಹಾರದಲ್ಲಿ ತೂಕದ ಲೆಕ್ಕದಂತೆ ಸುಮಾರು ಮೂರನೇ ಎರಡು ಭಾಗ ಬರುತ್ತಿದ್ದುದು ಗೆಡ್ಡೆ, ಕಾಯಿ, ಬೀಜಗಳಿಂದ. ಅದರ ಹೆಚ್ಚಿನ ಪಾಲು ಹೆಂಗಸರ ದುಡಿಮೆ. ಗೆಡ್ಡೆ ಓಡಿಹೋಗುವುದಿಲ್ಲ, ತಿರುಗಿ ಹಾಯುವುದಿಲ್ಲ. ಅದು ಎಲ್ಲಿದೆ, ಯಾವುದು ವಿಷ, ಯಾವುದು ಆಹಾರ ಎಂಬುದು ಗೊತ್ತಿದ್ದರೆ ಸಾಕು.

ಅದೇ ಕೋಲು ಉದ್ದವಾದರೆ ಈಟಿ. ಜರ್ಮನಿಯ ಶೋನಿಂಗನ್ ಎಂಬಲ್ಲಿ, ಕಲ್ಲಿದ್ದಲ ಗಣಿಯ ಅಗೆತದಲ್ಲಿ, 1990ರ ದಶಕದಲ್ಲಿ ಮರದ ಈಟಿಗಳು ಸಿಕ್ಕವು. ಸುತ್ತಲೂ ಕುದುರೆಗಳ ಮೂಳೆಗಳಿದ್ದವು. ಅವುಗಳ ಕಾಲ 2ರಿಂದ 3 ಲಕ್ಷ ವರ್ಷಗಳ ಹಿಂದಿನದೆಂದು ವಿಜ್ಞಾನಿಗಳು ಹೇಳುತ್ತಾರೆ. ಅವನ್ನು ಮಾಡಿದ ರೀತಿಯನ್ನು ಗಮನಿಸಿ. ಎಳೆಯ ಸ್ಪ್ರೂಸ್ ಮರದ ಕಾಂಡವನ್ನು ಆರಿಸಿದ್ದಾರೆ. ಕಾಂಡದ ಬುಡ ತುದಿಗಿಂತ ಗಟ್ಟಿ, ಆದ್ದರಿಂದ ಮೊನೆಯನ್ನು ಬುಡದ ಕಡೆ ಕೆತ್ತಿದ್ದಾರೆ. ಕಾಂಡದ ನಡುವಿನ ತಿರುಳು ಮೆದು. ಆದ್ದರಿಂದ ಮೊನೆಯ ತುದಿ ತಿರುಳಿನ ಮೇಲೆ ಬಾರದಂತೆ ತುಸು ಪಕ್ಕಕ್ಕೆ ಸರಿಸಿ, ಗಟ್ಟಿ ಭಾಗದಲ್ಲಿ ಬರುವಂತೆ ಮಾಡಿದ್ದಾರೆ. ಇದು ಕಾಡುಮನುಷ್ಯನ ಒರಟು ಕೆಲಸವೆ? ಇಂದಿನ ಯಾವ ಬಡಗಿಯೂ ಮೆಚ್ಚಿ ತಲೆದೂಗುವ ಕೆಲಸ.

ಮರದ ಮೊನೆಯನ್ನು ಬೆಂಕಿಯಲ್ಲಿ ಕಾಯಿಸಿದರೆ ಕಬ್ಬಿಣದಂತಾಗುತ್ತದೆ ಎಂಬ ಮಾತನ್ನು ಕೇಳಿರಬಹುದು. ಅದು ಅರ್ಧ ಸತ್ಯ. ಕಾಯಿಸಿದಾಗ ಮರದೊಳಗಿನ ತೇವ ಹೋಗಿ ಮೊನೆ ತುಸು ಗಡುಸಾಗುತ್ತದೆ. ಆದರೆ ಅದರ ಜೊತೆಗೇ ಬಾಗಿ ತಾಳಿಕೊಳ್ಳುವ ಗುಣ ಕಡಿಮೆಯಾಗಿ ಬೇಗ ಮುರಿಯುತ್ತದೆ. ನಿಜವಾದ ಲಾಭ ಇನ್ನೊಂದು: ಸುಟ್ಟು ಕರಿಯಾದ ಭಾಗವನ್ನು ಕಲ್ಲಿಗೆ ಉಜ್ಜಿ ತೆಗೆಯುವುದು ಸುಲಭ. ಚಾಕು ಇಲ್ಲದವನಿಗೆ ಬೆಂಕಿಯೇ ಚಾಕು.

ಎರಡನೆಯದು ಕಲ್ಲು. ಕಲ್ಲನ್ನು ಕಲ್ಲಿಗೆ ಹೊಡೆದರೆ ಆಯುಧವಾಗುತ್ತದೆ ಎಂದುಕೊಂಡರೆ ಬೆರಳು ಜಜ್ಜಿಹೋಗುತ್ತದೆ, ಅಷ್ಟೆ. ಎಲ್ಲ ಕಲ್ಲೂ ಒಂದೇ ಬಗೆಯಲ್ಲಿ ಒಡೆಯುವುದಿಲ್ಲ. ನಮ್ಮ ಬೆಟ್ಟಗುಡ್ಡಗಳ ಗ್ರಾನೈಟ್ ದಪ್ಪ ಹರಳುಗಳ ಕೂಟ. ಬಿರುಕು ಹರಳಿನಿಂದ ಹರಳಿಗೆ ಅಂಕುಡೊಂಕಾಗಿ ಹೋಗುತ್ತದೆ. ಅದು ಬೀಸುವ ಕಲ್ಲಿಗೆ, ರುಬ್ಬುವ ಕಲ್ಲಿಗೆ ಸರಿ, ಅಲಗಿಗೆ ಅಲ್ಲ. ಅಲಗಿಗೆ ಬೇಕಾದದ್ದು ನುಣುಪಾದ, ಸಿಲಿಕಾ ತುಂಬಿದ, ಗಾಜಿನಂತೆ ಒಡೆಯುವ ಕಲ್ಲು. ಕಿಟಕಿಯ ಗಾಜಿಗೆ ಗೋಲಿ ತಗುಲಿದಾಗ ಹಿಂಬದಿಯಲ್ಲಿ ಶಂಕುವಿನ ಆಕಾರದ ಚಕ್ಕೆ ಹಾರಿರುವುದನ್ನು ನೋಡಿದ್ದೀರಾ? ಏಟಿನ ಬಲ ಇಂಥ ವಸ್ತುವಿನಲ್ಲಿ ಶಂಕುವಿನಂತೆ ಹರಡುತ್ತದೆ. ಕಲ್ಲಿನ ಅಂಚು 90 ಡಿಗ್ರಿಗಿಂತ ಕಿರಿದಾದ ಕೋನದಲ್ಲಿದ್ದು, ಏಟು ಅಂಚಿನ ಹತ್ತಿರ ಬಿದ್ದರೆ, ಆ ಶಂಕುವಿನ ಒಂದು ಹೋಳು ಚಕ್ಕೆಯಾಗಿ ಎದ್ದು ಬರುತ್ತದೆ. ಅದರ ಮೈ ಕಪ್ಪೆಚಿಪ್ಪಿನಂತೆ ಅಲೆಅಲೆ, ಅಂಚು ಕ್ಷೌರದ ಕತ್ತಿಯಂತೆ ಹರಿತ.

ಈ ಪಾಠದ ಅತಿ ಹಳೆಯ ಶಾಲೆಗಳಲ್ಲಿ ಒಂದು ನಮ್ಮ ನಾಡಿನಲ್ಲಿಯೇ ಇದೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕಿದ್ದು ಆದಿಮಾನವರ ಕಲ್ಲಿನ ಕಾರ್ಖಾನೆ. ಸಿಲಿಕಾ ಸೇರಿದ ಸುಣ್ಣಕಲ್ಲಿನ ಚಪ್ಪಡಿಗಳು, ಅವನ್ನು ಒಡೆಯುತ್ತಿದ್ದ ಗುಂಡುಕಲ್ಲುಗಳು, ಕೈಗೊಡಲಿಗಳು, ಅರ್ಧಕ್ಕೆ ಬಿಟ್ಟ ಕೆಲಸ, ಸುತ್ತಲೂ ಚೆಲ್ಲಿದ ಚಕ್ಕೆಗಳು. ಅಲ್ಲಿ ದೊರೆತ ಪ್ರಾಣಿಯ ಹಲ್ಲಿನ ಪರೀಕ್ಷೆಯಿಂದ ಅದರ ಕಾಲ ಸುಮಾರು 12 ಲಕ್ಷ ವರ್ಷ ಎಂದು ಅಂದಾಜಾಗಿದೆ. ನಮ್ಮಂಥ ಮಾನವರು ಹುಟ್ಟುವ ಎಷ್ಟೋ ಮೊದಲು, ಯಾರೋ ಒಬ್ಬರು ಅಲ್ಲಿ ಕುಳಿತು, ಚಪ್ಪಡಿಯನ್ನು ತಿರುಗಿಸಿ ನೋಡಿ, ಕೋನ ಹುಡುಕಿ ಹೊಡೆದಿದ್ದಾರೆ.

ಮೂರನೆಯದು ನಾರು. ಕಲ್ಲು ಲಕ್ಷಾಂತರ ವರ್ಷ ಉಳಿಯುತ್ತದೆ, ನಾರು ಕೊಳೆತು ಹೋಗುತ್ತದೆ. ಹೀಗಾಗಿ ಚರಿತ್ರೆಯ ಪುಸ್ತಕದಲ್ಲಿ ಶಿಲಾಯುಗ ಇದೆ, ನಾರಿನ ಯುಗ ಇಲ್ಲ. ಆದರೆ ಹಗ್ಗವಿಲ್ಲದೆ ಬಿಲ್ಲಿಲ್ಲ, ಬಲೆಯಿಲ್ಲ, ಈಟಿಯ ತುದಿಗೆ ಕಲ್ಲು ಕಟ್ಟುವಂತಿಲ್ಲ. ಹಳ್ಳಿಯ ಹಿರಿಯರು ಪುಂಡಿಯ ನಾರನ್ನೋ ಕತ್ತಾಳೆ ನಾರನ್ನೋ ತೊಡೆಯ ಮೇಲಿಟ್ಟು ಹೊಸೆಯುವುದನ್ನು ನೋಡಿ. ಎರಡು ಎಳೆಗಳನ್ನು ಒಂದೊಂದಾಗಿ ಬಲಕ್ಕೆ ತಿರುಚುತ್ತಾರೆ. ಆಮೇಲೆ ಎರಡನ್ನೂ ಕೂಡಿಸಿ ಎಡಕ್ಕೆ ಸುತ್ತುತ್ತಾರೆ. ಬಲಕ್ಕೆ ತಿರುಚಿದ ಎಳೆ ಬಿಚ್ಚಿಕೊಳ್ಳಲು ನೋಡುತ್ತದೆ. ಎಡಕ್ಕೆ ಸುತ್ತಿದ ಜೋಡಿಯೂ ಬಿಚ್ಚಿಕೊಳ್ಳಲು ನೋಡುತ್ತದೆ. ಎರಡರ ದಿಕ್ಕು ವಿರುದ್ಧವಾದ್ದರಿಂದ ಒಂದನ್ನೊಂದು ತಡೆದು ಹಿಡಿಯುತ್ತವೆ. ಗಂಟು ಇಲ್ಲ, ಅಂಟು ಇಲ್ಲ, ಹುರಿ ಮಾತ್ರ. ಎಳೆದಷ್ಟೂ ನಾರುಗಳು ಒತ್ತಿಕೊಂಡು ಘರ್ಷಣೆ ಹೆಚ್ಚುತ್ತದೆ. ಗೇಣುದ್ದದ ನಾರುಗಳಿಂದ ಮಾರುದ್ದದ ಹಗ್ಗ ಆಗುವುದು ಹೀಗೆ.

ಫ್ರಾನ್ಸಿನ ಆಬ್ರಿ ದು ಮಾರಾಸ್ ಎಂಬ ಬಂಡೆಯಾಸರೆಯಲ್ಲಿ ಒಂದು ಕಲ್ಲಿನ ಚಕ್ಕೆಗೆ ಅಂಟಿಕೊಂಡು ಉಳಿದಿದ್ದ, ಕೇವಲ 6 ಮಿಲಿಮೀಟರ್ ಉದ್ದದ ಹುರಿಯ ತುಣುಕನ್ನು 2020ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅದರ ವಯಸ್ಸು 40 ಸಾವಿರ ವರ್ಷಕ್ಕೂ ಹೆಚ್ಚು. ಹೊಸೆದವರು ನಿಯಾಂಡರ್ತಲ್ ಮಾನವರು. ಮರದ ಒಳತೊಗಟೆಯ ಮೂರು ಎಳೆಗಳನ್ನು ಒಂದು ದಿಕ್ಕಿಗೆ ತಿರುಚಿ, ಕೂಡಿಸುವಾಗ ವಿರುದ್ಧ ದಿಕ್ಕಿಗೆ ಹುರಿ ಹಾಕಿದ್ದರು. ನಮ್ಮ ಹಳ್ಳಿಯ ಅಜ್ಜನ ತೊಡೆಯ ಮೇಲೆ ನಡೆಯುವುದೂ ಅದೇ.

ಇನ್ನು ಈ ಮೂರನ್ನೂ ಜೋಡಿಸಬೇಕು. ದಕ್ಷಿಣ ಆಫ್ರಿಕದ ಸಿಬುಡು ಗುಹೆಯಲ್ಲಿ ಸುಮಾರು 64 ಸಾವಿರ ವರ್ಷ ಹಳೆಯ ಕಲ್ಲಿನ ಮೊನೆಗಳು ಸಿಕ್ಕಿವೆ. ಬಾಣದ ತುದಿಗೆ ಕೂರಿಸಿದ್ದವೆಂದು ಸಂಶೋಧಕರು ಹೇಳುವ ಅವುಗಳ ಮೇಲೆ ಗೋಂದಿನ ಕಲೆಗಳಿವೆ. ಮರದ ಗೋಂದು ಒಣಗಿದರೆ ಸಿಡಿಯುತ್ತದೆ, ತೇವಕ್ಕೆ ಕರಗುತ್ತದೆ. ಅದಕ್ಕೆ ಕೆಮ್ಮಣ್ಣಿನ ಪುಡಿ ಬೆರೆಸಿ, ಬೆಂಕಿಯ ಬಳಿ ಹದವಾಗಿ ಒಣಗಿಸಿದರೆ ಅಂಟು ಬಲವಾಗುತ್ತದೆ. ನಮ್ಮಲ್ಲಿ ಚಾಕುವಿನ ಹಿಡಿಗೆ ಅರಗು ತುಂಬಿ ಅಲಗನ್ನು ಕೂರಿಸುವುದೂ ಇದೇ ಜಾತಿಯ ಉಪಾಯ. ಉರಿ ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಅಡುಗೆಯವರಿಗೆ ತಿಳಿದ ಹದವೇ ಇಲ್ಲಿಯೂ ಬೇಕು.

ಆಯುಧ ಆಯಿತು. ಆದರೆ ಪ್ರಾಣಿ ಹತ್ತಿರ ಬಿಡುವುದಿಲ್ಲವಲ್ಲ! ದೂರದಿಂದ ಎಸೆಯಬೇಕು. ತೋಳಿನ ಉದ್ದ ಇಷ್ಟೇ, ಸ್ನಾಯುವಿನ ವೇಗ ಇಷ್ಟೇ. ಮನುಷ್ಯ ಕಂಡುಕೊಂಡ ಉಪಾಯವೆಂದರೆ ತೋಳನ್ನೇ ಉದ್ದ ಮಾಡುವುದು. ಕೊಕ್ಕೆಯಿರುವ ಒಂದು ಮೊಳದ ಕೋಲಿಗೆ ಈಟಿಯ ಬುಡವನ್ನು ಸಿಕ್ಕಿಸಿ ಬೀಸಿದರೆ ಅದು ತೋಳಿಗೆ ಇನ್ನೊಂದು ಕೀಲು ಸೇರಿಸಿದಂತೆ. ಆಸ್ಟ್ರೇಲಿಯದ ಮೂಲನಿವಾಸಿಗಳ ಈ ಸಾಧನಕ್ಕೆ ವೂಮೆರಾ ಎಂದು ಹೆಸರು. 1947ರಲ್ಲಿ ಆ ದೇಶದ ಮರುಭೂಮಿಯಲ್ಲಿ ರಾಕೆಟ್ ಪರೀಕ್ಷೆಯ ನೆಲೆ ಸ್ಥಾಪನೆಯಾದಾಗ ಅದಕ್ಕೂ ವೂಮೆರಾ ಎಂದೇ ಹೆಸರಿಟ್ಟರು. ಹೆಸರು ಸಾರ್ಥಕವಾಗಿದೆ ಎನ್ನಬೇಕು.

ನಮ್ಮ ಕವಣೆಯದೂ ಇದೇ ತತ್ತ್ವ. ಜೋಳದ ಹೊಲದಲ್ಲಿ ಅಟ್ಟವೇರಿ ನಿಂತು ಹಕ್ಕಿ ಓಡಿಸುವ ಕಾವಲುಗಾರ ಕವಣೆ ಬೀಸುವುದನ್ನು ನೆನೆಯಿರಿ. ತೋಳು 60 ಸೆಂಟಿಮೀಟರ್, ಕವಣೆಯ ಹಗ್ಗ ಇನ್ನೊಂದು 60 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ತಿರುಗುವ ಕೋನವೇಗ ಅದೇ ಇದ್ದರೆ, ತ್ರಿಜ್ಯ ಎರಡು ಪಟ್ಟಾದಾಗ ಕಲ್ಲಿನ ವೇಗ ಎರಡು ಪಟ್ಟಾಗುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಏಟಿನ ಶಕ್ತಿ ನಾಲ್ಕು ಪಟ್ಟು! ಗುರಿ ತಪ್ಪಿದರೆ ಅಪಾಯವೂ ನಾಲ್ಕು ಪಟ್ಟು ಎಂಬುದನ್ನು ಮರೆಯುವಂತಿಲ್ಲ. ಇನ್ನು ಹುಡುಗರ ಮೆಚ್ಚಿನ ರಬ್ಬರಿನ ಕ್ಯಾಟರ್‌ಬಿಲ್ಲು ಪ್ರಾಚೀನ ಆಯುಧವೇ ಅಲ್ಲ. ಬಿಸಿಲು ಚಳಿಗಳನ್ನು ತಾಳುವಂತೆ ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದ ಮಾಡುವ ವಿಧಾನವನ್ನು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಆಮೇಲೆ ಬಂದ ಆಟಿಕೆ ಅದು.

ಈಗ ಬಿಲ್ಲಿಗೆ ಬರೋಣ. ಬಿಲ್ಲು ಶಕ್ತಿಯ ಉಗ್ರಾಣ. ಹೆದೆಯನ್ನು ಅರ್ಧ ಮೀಟರ್ ಎಳೆಯುತ್ತೀರಿ, ಬಲ ಸೊನ್ನೆಯಿಂದ ಏರುತ್ತ 200 ನ್ಯೂಟನ್ ಮುಟ್ಟುತ್ತದೆ ಎಂದುಕೊಳ್ಳಿ. ಅದು ಸುಮಾರು 20 ಕಿಲೋಗ್ರಾಂ ಭಾರ ಎತ್ತಿದ ಹಾಗೆ. ಬಲದ ಏರಿಕೆ ಸಮನಾಗಿದ್ದರೆ ಬಿಲ್ಲಿನಲ್ಲಿ ತುಂಬಿದ ಶಕ್ತಿ 50 ಜೌಲ್. ಅದನ್ನು ತುಂಬಲು ನಿಮಗೆ ಒಂದು ಸೆಕೆಂಡು ಬೇಕಾಗಿದ್ದರೆ, ಬಿಟ್ಟಾಗ ಅದು ಹೊರಬರುವುದು ಒಂದು ಸೆಕೆಂಡಿನ ನಲವತ್ತನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ. ಶಕ್ತಿ ಹೆಚ್ಚಾಗಲಿಲ್ಲ, ಕಾಲ ಕಿರಿದಾಯಿತು. 30 ಗ್ರಾಂ ತೂಕದ ಬಾಣಕ್ಕೆ ಆ ಶಕ್ತಿಯ ಅರ್ಧ ದಕ್ಕಿದರೂ ಅದು ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಹಾರುತ್ತದೆ. ಬಾಣವಿಲ್ಲದೆ ಬರಿದೇ ಹೆದೆ ಎಳೆದು ಬಿಟ್ಟರೆ? ಶಕ್ತಿಗೆ ಹೋಗಲು ದಾರಿಯಿಲ್ಲ. ಬಿಲ್ಲೇ ಸೀಳಬಹುದು.

ಇಷ್ಟು ಶಕ್ತಿಯನ್ನು ತಾಳಬೇಕಾದ ಮರದ ಪಾಡನ್ನು ನೋಡಿ. ಬಾಗಿದ ಬಿಲ್ಲಿನ ಹೊರಮೈ ಹಿಗ್ಗುತ್ತದೆ, ಬಿಲ್ಲುಗಾರನ ಕಡೆಗಿರುವ ಒಳಮೈ ಕುಗ್ಗುತ್ತದೆ. ಬಿದಿರಿನ ಹಸಿರು ಸಿಪ್ಪೆಯ ಕಡೆ ನಾರು ಒತ್ತಾಗಿದ್ದು ಎಳೆತವನ್ನು ಚೆನ್ನಾಗಿ ತಾಳುತ್ತದೆ. ಆದ್ದರಿಂದ ಬಿದಿರಿನ ಬಿಲ್ಲಿನಲ್ಲಿ ಸಿಪ್ಪೆ ಹೊರಗಿರಬೇಕು. ಹಸಿ ಕೊಂಬೆ ಬಾಗಿದ ಹಾಗೆಯೇ ಉಳಿದುಬಿಡುತ್ತದೆ, ಮರಳಿ ಪುಟಿಯುವುದಿಲ್ಲ. ಒಳ್ಳೆಯ ಬಿಲ್ಲಿನ ಮರ ನೆರಳಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಒಣಗಬೇಕು. ಎರಡೂ ತೋಳುಗಳನ್ನು ಒಂದೇ ಸಮನಾಗಿ ಬಾಗುವಂತೆ ಕೆರೆಯಬೇಕು.

ಇದಕ್ಕೆ ಸಾಕ್ಷಿ ಹೇಳಲು 5,300 ವರ್ಷಗಳ ಹಿಂದಿನ ಒಬ್ಬ ಮನುಷ್ಯ ನಮಗೆ ಸಿಕ್ಕಿದ್ದಾನೆ. 1991ರ ಸೆಪ್ಟೆಂಬರಿನಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ ಅವನಿಗೆ ಓಟ್ಸಿ ಎಂದು ಹೆಸರಿಟ್ಟಿದ್ದಾರೆ. ಅವನ ಬಳಿ ತಾಮ್ರದ ಕೊಡಲಿ ಇತ್ತು, ಕಲ್ಲಿನ ಚೂರಿ ಇತ್ತು. ಯೂ ಮರದ, ಆಳೆತ್ತರ ಮೀರಿದ ಬಿಲ್ಲೂ ಇತ್ತು. ಆದರೆ ಅದರ ಕೆಲಸ ಇನ್ನೂ ಮುಗಿದಿರಲಿಲ್ಲ. ಬತ್ತಳಿಕೆಯಲ್ಲಿದ್ದ 14 ಬಾಣಗಳಲ್ಲಿ ಗರಿ, ಮೊನೆ ಎರಡೂ ಕೂಡಿ ಸಿದ್ಧವಾಗಿದ್ದವು ಎರಡೇ. ಜೀವನವಿಡೀ ಬೆಟ್ಟಗಳಲ್ಲಿ ಬಾಳಿದ, ಲೋಹದ ಉಪಕರಣವಿದ್ದ ಮನುಷ್ಯನ ಬಿಲ್ಲೇ ಅರೆಬರೆ ಆಗಿತ್ತೆಂದಾಗ, ಬರಿಗೈಯಲ್ಲಿ ದಾರಿ ತಪ್ಪಿದ ಹುಡುಗ ಸಂಜೆಯೊಳಗೆ ಬಿಲ್ಲು ಮಾಡಿಯಾನೆ?

ಬಿಲ್ಲಿನ ಬಲವೇ ಎಲ್ಲ ಎಂದೂ ತಿಳಿಯಬೇಡಿ. ಸಾನ್ ಜನರ ಬಿಲ್ಲು ಚಿಕ್ಕದು, ಬಲ ಕಡಿಮೆ. ಬಾಣ ಹುಲ್ಲುಕಡ್ಡಿಯಂತೆ ಹಗುರ. ಅದರ ಶಕ್ತಿ ಇರುವುದು ಒಂದು ಜೀರುಂಡೆಯ ಮರಿಯಿಂದ ತೆಗೆದ ವಿಷದಲ್ಲಿ. ಆ ವಿಷ ನಿಧಾನ. ಬಾಣ ತಗುಲಿದ ಜಿಂಕೆ ಮೈಲಿಗಟ್ಟಲೆ ಹೋಗುತ್ತದೆ. ಹೆಜ್ಜೆಯ ಗುರುತು, ಮುರಿದ ಹುಲ್ಲು, ಮರಳಿನ ತೇವ ನೋಡುತ್ತ ಬೇಟೆಗಾರ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಂಬಾಲಿಸುತ್ತಾನೆ. ಅವನ ಆಯುಧ ಬಿಲ್ಲೋ, ಕಣ್ಣೋ?

ಎಸೆಯುವ ಆಯುಧ ಬೇಡುವುದು ಚುರುಕು ಕೈ. ಕಾಯುವ ಸಾಧನ ಬೇಡುವುದು ಪ್ರಾಣಿಯ ನಡವಳಿಕೆಯ ಅರಿವು. ಮಲೆನಾಡಿನ ತೊರೆಗಳಲ್ಲಿ ಒಡ್ಡುವ, ಬಿದಿರಿನ ಸೀಳುಗಳಿಂದ ಹೆಣೆದ ಮೀನಿನ ಕೂಳಿಯನ್ನು ನೋಡಿ. ಅಗಲ ಬಾಯಿ, ಒಳಗೆ ಕಿರಿದಾಗುವ ಆಲಿಕೆಯಂಥ ದಾರಿ. ಮೀನು ಸಲೀಸಾಗಿ ಒಳಹೋಗುತ್ತದೆ. ಹೊರಬರಲು ನೋಡಿದರೆ ಬುಟ್ಟಿಯ ಗೋಡೆಗುಂಟ ಸುತ್ತುತ್ತದೆಯೇ ಹೊರತು ನಡುವಿನ ಕಿರುಬಾಯಿ ಅದಕ್ಕೆ ಸಿಗುವುದಿಲ್ಲ. ಒಂದೇ ದಿಕ್ಕಿಗೆ ತೆರೆಯುವ ನಮ್ಮ ಹೃದಯದ ಕವಾಟವನ್ನು ಇದು ನೆನಪಿಸುವುದಿಲ್ಲವೆ? ನೀವು ಮಲಗಿದ್ದಾಗಲೂ ಅದು ದುಡಿಯುತ್ತದೆ. ನಾವು ಮೊದಲು ಹಾಕಿದ ಶಕ್ತಿಯ ಲೆಕ್ಕದಲ್ಲಿ ಲಾಭ ತೋರಿಸುವುದು ಇಂಥ ಸಾಧನವೇ.

ಆದರೆ ಕಾಯುವ ಸಾಧನಕ್ಕೆ ಕಣ್ಣಿಲ್ಲ ಎಂಬುದನ್ನೂ ತಿಳಿಯಬೇಕು. ಕಾಡಂಚಿನಲ್ಲಿ ಹಂದಿಗೆಂದು ಬಿಗಿದ ತಂತಿಯ ಉರುಲಿಗೆ ಚಿರತೆ ಸಿಕ್ಕಿ ನರಳಿ ಸತ್ತ ಸುದ್ದಿಗಳನ್ನು ನಮ್ಮ ಪತ್ರಿಕೆಗಳಲ್ಲಿ ನೀವು ಓದಿದ್ದೀರಿ. ನಾರಿನ ಉರುಲು ಕೊಳೆತು ಹೋಗುತ್ತಿತ್ತು, ಇಟ್ಟವನು ದಿನವೂ ಹೋಗಿ ನೋಡುತ್ತಿದ್ದ. ತಂತಿ ಕೊಳೆಯುವುದಿಲ್ಲ, ಇಟ್ಟವನು ಮರೆಯುತ್ತಾನೆ.

ಉಪಕರಣವಿದ್ದೂ ಸೋತವರ ಕಥೆಯೊಂದನ್ನು ಈಗ ಹೇಳಬೇಕು. 1860ರ ಆಗಸ್ಟಿನಲ್ಲಿ ಆಸ್ಟ್ರೇಲಿಯ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲೆಂದು ಮೆಲ್ಬರ್ನ್ ನಗರದಿಂದ ಒಂದು ತಂಡ ಹೊರಟಿತು. ನಾಯಕ ರಾಬರ್ಟ್ ಬರ್ಕ್. ಅವನ ಜೊತೆಗಾರ ವಿಲಿಯಂ ವಿಲ್ಸ್. ಒಂಟೆ, ಕುದುರೆ, ಬಂಡಿ, ಬಂದೂಕು ಎಲ್ಲ ಇದ್ದವು. ಉತ್ತರದ ಕಡಲಿನ ಸಮೀಪಕ್ಕೆ ಹೋಗಿ 1861ರ ಏಪ್ರಿಲ್ 21ರಂದು ಕೂಪರ್ ಕ್ರೀಕ್ ಎಂಬ ಹೊಳೆಯ ದಂಡೆಯ ಬೀಡಿಗೆ ಅವರು ಮರಳಿದಾಗ, ಅಲ್ಲಿ ಕಾಯುತ್ತಿದ್ದವರು ಅದೇ ದಿನ ಬೆಳಗ್ಗೆ ಹೊರಟುಹೋಗಿದ್ದರು. ಉಳಿದವರು ಬರ್ಕ್, ವಿಲ್ಸ್, ಜಾನ್ ಕಿಂಗ್ ಮೂವರೇ.

ಆ ಹೊಳೆಯ ದಂಡೆ ಬರಡು ನೆಲವಾಗಿರಲಿಲ್ಲ. ಯಾಂಡ್ರುವಾಂಡಾ ಎಂಬ ಮೂಲನಿವಾಸಿಗಳು ಅಲ್ಲಿಯೇ ಬಲೆ ಬೀಸಿ, ಬೀಜ ಆರಿಸಿ ಬಾಳುತ್ತಿದ್ದರು. ಅವರು ಈ ಮೂವರಿಗೂ ಮೀನು ಕೊಟ್ಟರು, ನಾರ್ಡೂ ಎಂಬ ಜರೀಗಿಡದ ಬೀಜಕಗಳ ಹಿಟ್ಟಿನ ರೊಟ್ಟಿ ಕೊಟ್ಟರು. ನಾಲ್ಕೆಲೆಯ ಆ ನೀರುಗಿಡದ ಕುಲದವು ನಮ್ಮ ಕೆರೆ ಗದ್ದೆಗಳಲ್ಲಿಯೂ ಇವೆ. ಆದರೆ ಬರ್ಕ್ ಅವರತ್ತ ಗುಂಡು ಹಾರಿಸಿ ಬೆದರಿಸಿದ. ಅವರು ದೂರ ಸರಿದರು. ಆಮೇಲೆ ಮೂವರೂ ತಾವೇ ನಾರ್ಡೂ ಆರಿಸಿ, ಕುಟ್ಟಿ, ಹೊಟ್ಟೆ ತುಂಬ ತಿಂದರು. ತಿಂದಷ್ಟೂ ಸೊರಗಿದರು. ಆ ಬೀಜಕಗಳಲ್ಲಿ ದೇಹದ ಬಿ-1 ಜೀವಸತ್ವವನ್ನು ನಾಶ ಮಾಡುವ ಕಿಣ್ವವಿದೆ. ಹುರಿದು, ನೀರು ಬೆರೆಸಿ ಅರೆದು ತಿನ್ನುವ ಮೂಲನಿವಾಸಿಗಳ ಪದ್ಧತಿಯಲ್ಲಿ ಅದರ ಕೇಡು ತಗ್ಗುತ್ತಿತ್ತು. ಇವರು ಆ ಪದ್ಧತಿಯನ್ನು ಬಿಟ್ಟಿದ್ದರಿಂದ ಬೆರಿಬೆರಿ ರೋಗ ತಗುಲಿತು ಎಂದು 1994ರಲ್ಲಿ ಸಂಶೋಧಕರು ವಿವರಿಸಿದರು. ವಿಲ್ಸ್, ಬರ್ಕ್ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಕಿಂಗ್ ಯಾಂಡ್ರುವಾಂಡಾ ಜನರನ್ನು ಹುಡುಕಿಕೊಂಡು ಹೋದ. ಬಂದೂಕಿನಿಂದ ಕೆಲವು ಕಾಗೆಗಳನ್ನು ಹೊಡೆದು ಅವರಿಗೆ ಕೊಟ್ಟ. ಅವರು ಅವನನ್ನು ತಮ್ಮವರಲ್ಲಿ ಒಬ್ಬನನ್ನಾಗಿ ಸೇರಿಸಿಕೊಂಡರು. ಸೆಪ್ಟೆಂಬರಿನಲ್ಲಿ ಹುಡುಕುವ ತಂಡ ಬಂದಾಗ ಅವನೊಬ್ಬ ಬದುಕಿದ್ದ.

ಒಂದೇ ಹೊಳೆ, ಒಂದೇ ಬಂದೂಕು, ಒಂದೇ ಗಿಡ. ಬಲ್ಲವರನ್ನು ಬೆದರಿಸಿದವನು ಸತ್ತ. ಬಲ್ಲವರ ಬಳಿ ಹೋಗಿ ಕುಳಿತವನು ಉಳಿದ. ಅರಿವಿಲ್ಲದ ಕೈಯಲ್ಲಿ ಆಯುಧ ಬರಿಯ ಭಾರ. ನಾನು ಹೇಳಬೇಕೆಂದಿರುವ ಮಾತು ಇದೇ.

ನಮ್ಮ ನಾಡಿನಲ್ಲಿಯೂ ಇಂಥ ಬಲ್ಲವರಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆಯ ಸುತ್ತಿನ ಜೇನುಕುರುಬರು ಕಾಡಿನ ಗೆಡ್ಡೆ, ನಾರು, ಜೇನುಗಳನ್ನು ತಲೆಮಾರುಗಳಿಂದ ಅರಿತವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ಅಪರಾಧವಾಯಿತು. ಬಲೆ ಒಡ್ಡುವುದು, ಉರುಲು ಬಿಗಿಯುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವೂ ಕಾನೂನಿನ ಕಣ್ಣಿನಲ್ಲಿ ಬೇಟೆಯೇ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನವರ ಹಕ್ಕುಗಳನ್ನು ಮನ್ನಿಸಿದಾಗಲೂ ಬೇಟೆಯನ್ನು ಹೊರಗಿಟ್ಟಿತು. ಆ ಕಾಯ್ದೆಯಂತೆ 2011ರಲ್ಲಿ ಸೋಲಿಗರಿಗೆ ದೊರೆತದ್ದು ಜೇನು, ನೆಲ್ಲಿಯಂಥ ಕಿರು ಉತ್ಪನ್ನಗಳನ್ನು ಸಂಗ್ರಹಿಸುವ, ಕಾಡಿನ ನಿರ್ವಹಣೆಯಲ್ಲಿ ಭಾಗವಹಿಸುವ ಸಮುದಾಯದ ಹಕ್ಕು. ಪ್ರಾಣಿಗಳು ಇಷ್ಟು ಕಡಿಮೆಯಾಗಿರುವ ಕಾಲದಲ್ಲಿ ಬೇಟೆ ನಿಂತದ್ದು ಸರಿಯೇ. ಆದರೆ ಬೇಟೆ ನಿಂತಿತೆಂದು ಅದರ ಹಿಂದಿನ ಅರಿವೂ ಅಳಿಯಬೇಕೆ? ಯಾವ ತೊಗಟೆಯ ನಾರು ಗಟ್ಟಿ, ಯಾವ ಗೆಡ್ಡೆಯನ್ನು ಎಷ್ಟು ನೀರಿನಲ್ಲಿ ಬೇಯಿಸಬೇಕು, ಹೆಜ್ಜೆಯ ಗುರುತು ಎಷ್ಟು ಹೊತ್ತಿನದು, ಇವೆಲ್ಲ ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಬರೆದಿಲ್ಲ. ಹೇಳುವವರು ಇದ್ದಾರೆ, ಕೇಳುವವರು ಕಡಿಮೆ.

ಆದ್ದರಿಂದ ನಿಮಗೆ ಮೂರು ಮನೆಗೆಲಸ ಕೊಡುತ್ತೇನೆ. ಒಂದು: ಬಾಳೆಯ ನಾರೋ ತೆಂಗಿನ ನಾರೋ ತಂದು ಒಂದು ಮೊಳ ಹುರಿ ಹೊಸೆಯಿರಿ. ಹೊಸೆಯದ ನಾರಿನ ಕಟ್ಟು ಎಷ್ಟು ಭಾರ ತಾಳುತ್ತದೆ, ಅಷ್ಟೇ ನಾರಿನ ಹುರಿ ಎಷ್ಟು ತಾಳುತ್ತದೆ, ಬಕೀಟಿಗೆ ಸ್ವಲ್ಪ ಸ್ವಲ್ಪವಾಗಿ ನೀರು ತುಂಬಿ ಅಳೆಯಿರಿ. ಎರಡು: ಬಿದಿರಿನ ದಬ್ಬೆಗೆ ಆ ಹುರಿಯನ್ನು ಕಟ್ಟಿ, ಶಾಲೆಯ ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ, ಐದೈದು ಸೆಂಟಿಮೀಟರಿಗೆ ಬಲವೆಷ್ಟು ಎಂದು ಗುರುತು ಹಾಕಿಕೊಂಡು ನಕ್ಷೆ ಬರೆಯಿರಿ. ಗೆರೆಯ ಕೆಳಗಿನ ವಿಸ್ತೀರ್ಣವೇ ಬಿಲ್ಲಿನಲ್ಲಿ ತುಂಬಿದ ಶಕ್ತಿ. ಇದಕ್ಕೆ ಬಾಣ ಬೇಕಿಲ್ಲ, ಯಾವ ಜೀವಿಗೂ ನೋವಾಗಬೇಕಿಲ್ಲ. ಎಳೆದ ಹೆದೆಯನ್ನು ಥಟ್ಟನೆ ಬಿಡದೆ ಮೆಲ್ಲಗೆ ಮರಳಿಸಿ, ಗುರುಗಳನ್ನು ಹತ್ತಿರ ನಿಲ್ಲಿಸಿಕೊಳ್ಳಿ. ಮೂರು: ನಿಮ್ಮ ಮನೆಯಲ್ಲಿ, ಊರಿನಲ್ಲಿ, ಎಲ್ಲರಿಗಿಂತ ಹಿರಿಯರಾದವರ ಬಳಿ ಕುಳಿತು, ಹಿಂದೆ ಹಗ್ಗಕ್ಕೆ ಯಾವ ಗಿಡ ಬಳಸುತ್ತಿದ್ದರು, ಬರಗಾಲದಲ್ಲಿ ಏನು ತಿಂದರು ಎಂದು ಕೇಳಿ ಬರೆದುಕೊಳ್ಳಿ. ಬರೆದುಕೊಂಡ ಗಿಡವನ್ನು ಬಲ್ಲವರು ತೋರಿಸದೆ ಬಾಯಿಗೆ ಇಡಬೇಡಿ.

ಮುಂದೆ ಎಂದಾದರೂ ನೀವು ಕಾಡಿನಲ್ಲಿ ದಾರಿ ತಪ್ಪಿದರೆ ಓಡಬೇಡಿ. ನಿಂತಲ್ಲಿ ಕುಳಿತುಕೊಳ್ಳಿ, ಉಸಿರು ತಿದ್ದಿಕೊಳ್ಳಿ, ಮಳೆ ಗಾಳಿಗೆ ಮರೆ ನೋಡಿ, ನೀರು ನೋಡಿ, ಹುಡುಕುವವರಿಗೆ ಕಾಣುವಂತೆ ಗುರುತು ಮಾಡಿ. ಹೊರಡುವ ಮೊದಲೇ ಎಲ್ಲಿಗೆ ಹೋಗುತ್ತೇವೆ, ಎಂದು ಬರುತ್ತೇವೆ ಎಂದು ಮನೆಯಲ್ಲಿ ಹೇಳಿ ಹೋಗಿದ್ದರೆ ಅರ್ಧ ಕಷ್ಟ ಪರಿಹಾರವಾದಂತೆಯೇ. ಕೋಲು, ಕಲ್ಲು, ನಾರು ಸುತ್ತಲೂ ಬಿದ್ದಿರುತ್ತವೆ. ಅವು ಎಲ್ಲಿಗೂ ಹೋಗುವುದಿಲ್ಲ. ಅವನ್ನು ಉಪಕರಣವಾಗಿಸುವ ಅರಿವನ್ನು ಮಾತ್ರ ಕಾಡಿಗೆ ಹೋಗುವ ಮೊದಲೇ ಸಂಪಾದಿಸಿರಬೇಕು.